ಆವುಲಪ್ಪನವರ ಎಡಗೈ ವಾಚು

ಹಾಗಂತ ವಾಚು ಕೆಟ್ಟಿತ್ತು ಅಂದುಕೊಳ್ಳಬೇಡಿ ಮತ್ತೆ. ವಾಚು ಚೆನ್ನಾಗೇ ಓಡುತ್ತಿತ್ತು. ಅನಾಹುತ ಆಗಿದ್ದೇ ಅದರಿಂದ.

ಆವುಲಪ್ಪನವರ ಎಡಗೈಗೆ ಲಕ್ವ ಹೊಡೆದಿತ್ತು. ಆ ಬಿದ್ದುಹೋದ ಕೈಗೆ ಕಟ್ಟಿದ್ದ ವಾಚು ಮಾತ್ರ ದಿನಾ ಬೆಳಗ್ಗೆ ಟಿಕ್ ಟಿಕ್ ಅನ್ನುತ್ತಿತ್ತು. ಅದೂ ಎಂಥ ವಾಚು? ಜಪಾನಿನ ಹಳೇ ಆಟೋಮ್ಯಾಟಿಕ್. ಸೆಲ್ ಇಲ್ಲ, ಕೀ ಕೊಡುವ ಹಾಗೂ ಇಲ್ಲ. ಕಟ್ಟಿಕೊಂಡ ಕೈ ಆಡಿದರೆ ಮಾತ್ರ ಓಡುವಂಥದ್ದು. ಆಡದ ಕೈಯಲ್ಲಿ ಅದು ಹೇಗೆ ಓಡಿತು? ವಾಚು ಬಿಚ್ಚುತ್ತಲೇ ತಲೆ ನರೆಸಿಕೊಂಡ ಆವುಲಪ್ಪನವರು ಇದಕ್ಕೆ ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು. ಕಥೆ ಅಷ್ಟೇ. ಆದರೆ ಅಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಶಿಡ್ಲಘಟ್ಟದ ಬಸ್ ಸ್ಟಾಂಡಿನ ಹಿಂದೆ ಒಂದು ಬಟ್ಟೆ ಅಂಗಡಿ, ಅದರ ಮೆಟ್ಟಿಲ ಕೆಳಗೆ ಅವರ ವಾಚ್ ರಿಪೇರಿ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಹುಟ್ಟೂರು ಕೆಂಚಾರ್ಲಹಳ್ಳಿ. ಚಿಂತಾಮಣಿಯಲ್ಲಿ ಕೆಲಸ ಕಲಿತು, ಇಲ್ಲಿಗೆ ಬಂದು ಐಗ್ಲಾಸು ಕಣ್ಣಿಗೆ ಸಿಕ್ಕಿಸಿ ಕೂತವರು ಕೂತೇಬಿಟ್ಟರು. ಹೆಂಡತಿ ಪೆದ್ದಮ್ಮ ರೇಷ್ಮೆ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ಬೇಯುವ ನೀರಿನಿಂದ ಗೂಡಿನ ಎಳೆ ಹಿಡಿದು ಎತ್ತಿ ಎತ್ತಿ ಅವರ ಬೆರಳ ತುದಿಗಳು ಬಿಳಿಚಿಕೊಂಡಿವೆ. ಮಗಳು ಲಾವಣ್ಯ ಗೌರಿಬಿದನೂರಿನಲ್ಲಿ ಮೇಷ್ಟ್ರು ಕೆಲಸದಲ್ಲಿದ್ದಾಳೆ.

ಆವುಲಪ್ಪನವರ ಹತ್ತಿರ ಎಲ್ಲ ಥರದ ವಾಚೂ ಬರುತ್ತಿದ್ದವು. ಪ್ರೀತಿ ಮಾತ್ರ ಆಟೋಮ್ಯಾಟಿಕ್ಕಿನ ಮೇಲೆ. ಜಗಳವೂ ಅದರ ಮೇಲೇ. ಯಾಕೆಂದರೆ ಆ ಹೆಸರನ್ನು ಜನ ಒಂದು ದಿನವೂ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಮುನಿಶಾಮಪ್ಪ ಬಂದಿದ್ದರಲ್ಲ, ಹಿಪ್ಪುನೇರಳೆ ತೋಟದ ಗೌಡರು, ಅವರದ್ದೂ ಇದೇ ತಕರಾರು. ಒಂದು ಕಾಲದಲ್ಲಿ ಕೈಗೆ ಕೈ ತಾಗಬಾರದು ಅಂತ ವಾಚನ್ನು ಮೇಜಿನ ಗಾಜಿನ ಮೇಲಿಟ್ಟು ಈ ಕಡೆಗೆ ಜಾರಿಸುತ್ತಿದ್ದವರು, ಈಗ ಕೈಗೇ ಕೊಡುತ್ತಾರೆ.

"ನನ್ ಅಳಿಯ ಮೋಸ ಹೋಗವ್ನೆ ಕಣಯ್ಯಾ ಆವುಲಪ್ಪ. ಆಟೋಮ್ಯಾಟಿಕ್ ಅಂತ ತಂದ್‌ಕೊಟ್ಟ. ಗೂಟಕ್ಕೆ ನೇತಾಕಿದ್ರೆ ನಿಂತೋಗ್ತದೆ!"

"ಗೂಟಕ್ಕ್ ಯಾಕ್ ನೇತಾಕಿದ್ರಿ ಗೌಡ್ರೆ?"

"ಹೊಸಾದಲ್ವಾ, ತೋಟಕ್ ಕಟ್ಕೊಂಡೋದ್ರೆ ಕೊಳೆ ಆಗಲ್ವಾ? ಮದುವೆ ಗಿದುವೆಗೆ ಕಟ್ಟಣ ಅಂತ."

"ಇದು ಗೂಟದ್ ವಾಚಲ್ಲ, ಕೈ ವಾಚು. ನೀವ್ ಆಡಿದ್ರೆ ಅದಾಡ್ತದೆ."

"ಮತ್ತೆ ಆಟೋಮ್ಯಾಟಿಕ್ ಅಂದ್ರೆ? ದಾನಂತಟ ಅದೇ ನಡವಾಲ ಕದಾ? ತನ್ನಷ್ಟಕ್ ತಾನೇ ನಡೀಬೇಕು ತಾನೆ?"

ಆವುಲಪ್ಪನವರು ಐಗ್ಲಾಸು ತೆಗೆದಿಟ್ಟರು. "ನಿಮ್ ಹುಳು ಮನೇಲಿ ರೋಟರಿ ಚಂದ್ರಂಕಿ ಐತಲ್ಲ ಗೌಡ್ರೆ, ಹುಳ ಗೂಡು ಕಟ್ಟೋ ಚೌಕಟ್ಟು. ಅದನ್ನ ಯಾರ್ ತಿರುಗಿಸ್ತಾರೆ?"

"ಯಾರ್ ತಿರುಗಿಸ್ತಾರೆ, ಯಾರೂ ಇಲ್ಲ. ಗೂಡ್ ಕಟ್ಟಕ್ ಹಣ್ಣಾದ ಹುಳ ಮೇಲುಕ್ಕೆ ಹತ್ತುತದೆ. ಮೇಲ್ಗಡೆ ಭಾರ ಆಯ್ತದೆ, ಚೌಕಟ್ಟು ಉಲ್ಟಾ ಹೊಡೀತದೆ. ಮತ್ತೆ ಹತ್ತುತದೆ, ಮತ್ತೆ ಹೊಡೀತದೆ."

"ಹುಳ ಹತ್ತದೇ ಇದ್ರೆ?"

"ಹತ್ತದೇ ಇದ್ರೆ ಅದ್ಯಾಕಯ್ಯಾ ತಿರುಗ್ತದೆ?"

"ಅಷ್ಟೇ ಗೌಡ್ರೆ. ಇದ್ರೊಳಗೂ ಒಂದು ಅರ್ಧಚಂದ್ರ ಐತೆ. ನಿಮ್ ಕೈ ಅಲುಗಾಡಿದ್ರೆ ಅದು ಉಲ್ಟಾ ಹೊಡೀತದೆ, ಸ್ಪ್ರಿಂಗ್ ಸುತ್ಕೊಂತದೆ. ಕೈ ಸುಮ್ಕಿದ್ರೆ ಅದೂ ಸುಮ್ಕೆ."

"ಅಂದ್ರೆ ನಾನೇ ಹುಳ ಅನ್ನು!"

"ನಾನ್ ಹಂಗಂದ್ನಾ? ನೀವೇ ಅಂದ್ರಿ."

ಗೌಡರು ನಕ್ಕು ವಾಚು ಕಟ್ಟಿಕೊಂಡು ಹೋದರು.

ಆ ಅರ್ಧಚಂದ್ರದ ಚರಿತ್ರೆ ಹೇಳಲು ಹೊರಟರೆ ಆವುಲಪ್ಪನವರಿಗೆ ಗಿರಾಕಿ ಕಾಯುತ್ತಿರುವುದೂ ಮರೆತುಹೋಗುತ್ತಿತ್ತು. ಇನ್ನೂರೈವತ್ತು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ತಾನೇ ಕೀ ತುಂಬಿಕೊಳ್ಳುವ ಗಡಿಯಾರ ಮಾಡಿದರಂತೆ. ಆದರೆ ಅದು ಜೇಬಿನ ಗಡಿಯಾರ. ಜೇಬಲ್ಲಿ ಕೂತಿದ್ದಕ್ಕೆ ಏನು ಅಲುಗಾಟ? ಅದು ಬೆಳೆಯಲಿಲ್ಲ. ಮೊದಲನೇ ಮಹಾಯುದ್ಧದ ಹೊತ್ತಿಗೆ ಗಡಿಯಾರ ಜೇಬಿನಿಂದ ಕೈಗೆ ಬಂತು. ಆಮೇಲೆ ಇಂಗ್ಲೆಂಡಿನ ಒಬ್ಬ ರಿಪೇರಿಯವನು ಯೋಚಿಸಿದ: ದೂಳು, ನೀರು ಒಳಗೆ ಹೋಗುವುದು ಕೀ ತಿರುಗಿಸುವ ತೂತಿನಿಂದ ತಾನೆ, ಹಾಗಿದ್ದರೆ ಕೀಯೇ ಬೇಡ. "ರಿಪೇರಿಯವ್ನು ಕಣ್ರೀ, ದೊಡ್ ಸಾಹುಕಾರ ಅಲ್ಲ" ಅಂತ ಇಲ್ಲಿ ಆವುಲಪ್ಪನವರ ದನಿ ಸ್ವಲ್ಪ ಏರುತ್ತಿತ್ತು. ಅವನದ್ದು ಪೂರ್ತಿ ಸುತ್ತು ಹೊಡೆಯುವ ಅರ್ಧಚಂದ್ರ ಅಲ್ಲ. ಎರಡೂ ಕಡೆ ಸ್ಪ್ರಿಂಗಿಗೆ ಡಿಕ್ಕಿ ಹೊಡೆದು ವಾಪಸ್ಸು ಬರುವ ಸುತ್ತಿಗೆಯಂಥದ್ದು. ಕೈ ಬೀಸಿದರೆ ಒಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಗೊತ್ತಾಗುತ್ತಂತೆ. ಪೂರ್ತಿ ಸುತ್ತುವುದು ಆಮೇಲೆ ಬಂತು. ಎರಡೂ ದಿಕ್ಕಿಗೆ ಸುತ್ತಿದರೂ ಕೀ ತುಂಬುವುದು ಅದಕ್ಕೂ ಆಮೇಲೆ. ಸಾಸಿವೆಗಿಂತ ಸಣ್ಣ ಬಾಲ್ ಬೇರಿಂಗು, ಜಪಾನಿನವರ ಒಂದೇ ಒಂದು ಪುಟ್ಟ ಸನ್ನೆಕೋಲು, ಹೀಗೆ ಒಬ್ಬರ ಮೇಲೊಬ್ಬರು. ಕೊನೆಗೆ ಸಾವಿರದೊಂಬೈನೂರ ಅರವತ್ತೊಂಬತ್ತರಲ್ಲಿ ಆಟೋಮ್ಯಾಟಿಕ್ಕಿಗೆ ಸ್ಟಾಪ್‌ವಾಚನ್ನೂ ಸೇರಿಸಿ ಗೆದ್ದೆವು ಅಂದುಕೊಂಡರು. ಅದೇ ವರ್ಷದ ಕೊನೆಗೆ ಜಪಾನಿನಿಂದ ಸೆಲ್ ವಾಚು ಹೊರಬಂತು. "ಮದುವೆ ದಿನಾನೇ ಸೂತಕ" ಅನ್ನುತ್ತಿದ್ದರು ಆವುಲಪ್ಪನವರು.

ಹೋದ ವರ್ಷ ಗಣೇಶನ ಹಬ್ಬ ಆದಮೇಲೆ, ಅಂಗಡಿಯಲ್ಲಿ ಕೂತಿದ್ದ ಹಾಗೇ, ಎಡಗೈಯಲ್ಲಿ ಹಿಡಿದಿದ್ದ ಗಿರಾಕಿಯ ವಾಚು ಜಾರಿ ಬಿತ್ತು. ಎತ್ತಿಕೊಳ್ಳೋಣ ಅಂತ ಬಗ್ಗಿದರೆ ಕೈ ಜೊತೆಗೆ ಬರಲಿಲ್ಲ. ಮೇಲಿನ ಬಟ್ಟೆ ಅಂಗಡಿಯವರೇ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಮಾತು ಉಳಿಯಿತು, ಕಾಲೂ ಎಳೆದುಕೊಂಡು ನಡೆಯುವಷ್ಟು ಬಂತು. ಎಡಗೈ ಮಾತ್ರ ಯಾರದ್ದೋ ಕೈ ತಂದು ಪಕ್ಕದಲ್ಲಿಟ್ಟ ಹಾಗಿತ್ತು. ಚಿವುಟಿದರೆ ಗೊತ್ತಾಗುತ್ತಿರಲಿಲ್ಲ.

ಬಲಗೈ ಚೆನ್ನಾಗಿದೆಯಲ್ಲ ಅಂತ ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಬಲಗೈ ಚಿಮಟ ಹಿಡಿಯುತ್ತೆ, ನಿಜ. ಆದರೆ ವಾಚು ಹಿಡಿಯುವುದು ಎಡಗೈ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗ್ ಎತ್ತುವಾಗ ಎಷ್ಟು ಬಿಗಿ, ಎಷ್ಟು ಸಡಿಲ ಅಂತ ಗೊತ್ತಿರುವುದು ಅದಕ್ಕೆ. ಆ ಕೈ ವಾಪಸ್ಸು ಬರದಿದ್ದರೆ ಕಸುಬು ಮುಗಿದ ಹಾಗೆ. ಇದು ಅವರಿಗೆ ಆಸ್ಪತ್ರೆ ಮಂಚದ ಮೇಲೇ ಗೊತ್ತಾಗಿತ್ತು.

ವ್ಯಾಯಾಮ ಹೇಳಿಕೊಡುವ ಶಿರೀಷಾ ಅನ್ನುವ ಹುಡುಗಿ ಕಟ್ಟುನಿಟ್ಟಾಗಿ ಹೇಳಿದ್ದಳು. "ಅಂಕಲ್, ಈಗಿನ ಕೆಲವು ತಿಂಗಳೇ ಮುಖ್ಯ. ಕೈ ತಾನಾಗೇ ಬರಲ್ಲ. ಬಲಗೈಲಿ ಹಿಡ್ಕೊಂಡು ದಿನಾ ಆಡಿಸ್ಬೇಕು, ಭುಜ, ಮೊಣಕೈ, ಬೆರಳು, ಎಲ್ಲಾ. ಬಿಟ್ರೆ ಬಿಗಿದುಕೊಂಡ್ಬಿಡತ್ತೆ."

"ನಂಗೇ ಹೇಳ್ತೀಯೇನಮ್ಮಾ! ಊರೋರ್ಗೆಲ್ಲ ನಾನ್ ಹೇಳೋದೂ ಇದೇ ಪಾಠ."

ಮನೆಗೆ ಬಂದವರೇ ತಮ್ಮ ಆಟೋಮ್ಯಾಟಿಕ್ ವಾಚನ್ನು ಆ ಕೈಗೆ ಕಟ್ಟು ಅಂದರು ಪೆದ್ದಮ್ಮನಿಗೆ. ಕೈ ಒಂಚೂರು ಆಡಲು ಶುರುಮಾಡಿದರೂ ವಾಚು ಹೇಳಿಬಿಡುತ್ತೆ, ಡಾಕ್ಟರಿಗಿಂತ ಮೊದಲೇ. ವ್ಯಾಯಾಮ ಮಾಡುವಾಗ ಬಿಚ್ಚಿಡುತ್ತಿದ್ದರು, ಬಲಗೈ ಆಡಿಸಿದ್ದು ಅದರಲ್ಲಿ ಸೇರಬಾರದು ಅಂತ. ಎರಡನೇ ದಿನ ಸಾಯಂಕಾಲ ವಾಚು ನಿಂತಿತು. ಆವುಲಪ್ಪನವರು ಕಿವಿಗೆ ಹಿಡಿದು ನೋಡಿದರು, ಗೋಡೆ ಕಡೆ ತಿರುಗಿ ಮಲಗಿದರು. ಮಾರನೇ ದಿನವೂ ಏಳಲಿಲ್ಲ. ಮುರಿದುಕೊಟ್ಟ ಮುದ್ದೆ ತಟ್ಟೆಯಲ್ಲೇ ಒಣಗಿತು.

ಅದರ ಮಾರನೇ ದಿನ ಎದ್ದು ಅಭ್ಯಾಸಬಲದಿಂದ ವಾಚು ಕಿವಿಗೆ ಹಿಡಿದರೆ, ಓಡುತ್ತಿದೆ!

"ಲೇ ಪೆದ್ದೀ! ಬಾರೇ ಇಲ್ಲಿ!"

ಪೆದ್ದಮ್ಮ ನಸುಕಿಗೇ ಫಿಲೇಚರಿಗೆ ಹೋಗಿ, ತಿಂಡಿ ಬಿಡುವಿಗೆ ಮನೆಗೆ ಬಂದಿದ್ದರು. ಮಾತ್ರೆ ಮಂಪರಲ್ಲಿ ಆವುಲಪ್ಪನವರು ಏಳುತ್ತಿದ್ದದ್ದೇ ಆ ಹೊತ್ತಿಗೆ.

"ಏನಾಯ್ತು?"

"ನೋಡು, ನಡೀತೈತೆ! ಮುಳ್ಳು ನೋಡು, ನಿಂತಿದ್ ಜಾಗದಿಂದ ಎಷ್ಟ್ ಮುಂದಕ್ ಬಂದೈತೆ, ಎಷ್ಟೊತ್ತಿಗ್ ಶುರುವಾಗಿರ್‌ಬೇಕು ಹೇಳು. ಬೆಳಕಾಗಕ್ ಮುಂಚೆ! ನಿದ್ದೇಲಿ ಕೈ ಆಡೈತೆ ಕಣೇ!"

ಪೆದ್ದಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಸರಿ, ಹಂಗಾದ್ರೆ ತಿಂಡಿ ತಿನ್ನು" ಅಂದರು. ಅವತ್ತು ಆವುಲಪ್ಪನವರು ಮೂರು ದೋಸೆ ತಿಂದರು.

ಆಮೇಲೆ ವಾಚು ನಿಲ್ಲಲೇ ಇಲ್ಲ. ದಿನಾ ಬೆಳಗ್ಗೆ ಬಡಿತ ಎಷ್ಟು ಗಟ್ಟಿ ಅಂತೀರಿ, ಹೊಟ್ಟೆ ತುಂಬಾ ಕೀ ತುಂಬಿಕೊಂಡ ವಾಚಿನ ಬಡಿತ. ನಿದ್ದೆಯಲ್ಲಿ ಅಲುಗುವ ಕೈ ಅಷ್ಟು ತುಂಬುವುದಿಲ್ಲ ಅಂತ ಅವರಿಗೆ ಹೊಳೆಯಬೇಕಿತ್ತು. ಬೇರೆ ಯಾರದ್ದೋ ಕೈಯಾಗಿದ್ದರೆ ಹೊಳೆಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗಿದ್ದು ಇಲ್ಲಿ. ದೀಪಾವಳಿ ಕಳೆಯುವಷ್ಟರಲ್ಲಿ ಆವುಲಪ್ಪನವರು ವ್ಯಾಯಾಮ ಬಿಟ್ಟರು. ಕೈ ಎಳೆದು ಆಡಿಸುವಾಗ ಭುಜದಲ್ಲಿ ಜೀವ ಹೋಗುವಷ್ಟು ನೋವು. ನಿದ್ದೆಯಲ್ಲಿ ತಾನೇ ಆಡುತ್ತಿರುವಾಗ ಈ ನರಕ ಯಾಕೆ? ಮಗಳು ಫೋನು ಮಾಡಿ, "ಅಪ್ಪಾ, ಎಕ್ಸರ್ಸೈಸ್ ಮಾಡ್ತಿದೀಯಾ ಇಲ್ವಾ?" ಅಂದರೆ, "ನಾನ್ ಮಾಡೋದೇನಮ್ಮಾ, ಅದೇ ಮಾಡ್ಕೊಂತದೆ, ಆಟೋಮ್ಯಾಟಿಕ್ಕು!" ಅಂತ ನಗುತ್ತಿದ್ದರು. ಗೂಟಕ್ಕೆ ನೇತುಹಾಕಿದ ಗೌಡರಿಗೆ ಪಾಠ ಹೇಳಿದ ಮನುಷ್ಯ ನೋಡಿ.

ಪೆದ್ದಮ್ಮ ಮಾತ್ರ ಬೆನ್ನು ಬಿಡಲಿಲ್ಲ.

"ಆದ್ರೂ ಒಂದಷ್ಟು ಆಡ್ಸು."

"ಯಾಕಮ್ಮೇ? ಅದು ಬರ್ತೈತಲ್ಲ."

"ಆ ಹುಡುಗಿ ಹೇಳವ್ಳೆ."

"ಆ ಹುಡುಗಿಗೇನ್ ಗೊತ್ತು, ವಾಚ್ ನಾನ್ ಕಟ್ಟಿಲ್ವಾ?"

ಪೆದ್ದಮ್ಮ ಏನೋ ಹೇಳಲು ಬಾಯಿ ತೆರೆದು, ಕೆಮ್ಮು ಬಂದವರ ಹಾಗೆ ಮುಚ್ಚಿಕೊಳ್ಳುತ್ತಿದ್ದರು. ತಾವೇ ಎಣ್ಣೆ ಹಚ್ಚಿ ಕೈ ಎಳೆಯಲು ಬಂದರೆ ಆವುಲಪ್ಪನವರು ನೋವಿಗೆ ಬೈದು ಕಳಿಸುತ್ತಿದ್ದರು.

ಇದೇ ಹೊತ್ತಿಗೆ ತಂಗಿ ಮಗ ಜಗನ್ ಬಂದ. ಚಿಂತಾಮಣಿಯಲ್ಲಿ ಗಾಡಿಯ ಮೇಲೆ ಮೊಬೈಲ್ ಕವರು ಮಾರುವವನು. ಬೀಗ ಬಿದ್ದ ಅಂಗಡಿಯ ಮೇಲೆ ಅವನಿಗೆ ಕಣ್ಣು.

"ಮಾವ, ಅಂಗ್ಡಿ ಸುಮ್ನೆ ದೂಳ್ ಹಿಡೀತೈತೆ. ನಂಗಾದ್ರೂ ಕೊಡು, ಸಂಜೆ ಹೊತ್ತು ನೀನೂ ಬಂದ್ ಕೂತ್ಕೊ."

"ಯಾಕೆ, ನಾನ್ ಸತ್ತೋದ್ನಾ? ಸಂಕ್ರಾಂತಿ ಆಗ್ಲಿ. ಬಾಗ್ಲು ನಾನೇ ತೆಗೀತೀನಿ. ಎಡಗೈಲಿ!"

"ಸರಿ ಮಾವ, ಎಡಗೈಲಿ ತೆಗಿ, ನಾನ್ ಬಲಗೈಲಿ ಹಾರ ಹಾಕ್ತೀನಿ."

"ಹಾರ ಹಾಕೋದು ಫೋಟೋಕ್ಕೆ ಕಣೋ, ಹೋಗೋ ಆಚೆ."

ಸಂಕ್ರಾಂತಿ ಆದಮೇಲೆ ಗಂಡ ಹೆಂಡತಿ ಚಿಕ್ಕಬಳ್ಳಾಪುರಕ್ಕೆ ಹೋದರು. ಶಿರೀಷಾ ಕೈ ಎತ್ತಲು ನೋಡಿದಳು. ಭುಜ ಕಲ್ಲಾಗಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅವಳ ಮುಖ ಸಣ್ಣದಾಯಿತು.

"ಯಾಕಂಕಲ್ ಬಿಟ್ಬಿಟ್ರಿ? ಎಷ್ಟ್ ಹೇಳಿದ್ದೆ ನಾನು."

ಆವುಲಪ್ಪನವರು ವಾಚು ತೋರಿಸಿದರು, ವಿವರಿಸಿದರು. ಆ ಹುಡುಗಿಗೆ ವಾಚಿನ ವಿಷಯ ಅರ್ಥವಾಗಲಿಲ್ಲ. ಕೈಯ ವಿಷಯ ಅರ್ಥವಾಗಿತ್ತು. "ಈ ಕೈ ಆಡಿಲ್ಲ ಅಂಕಲ್. ನಿದ್ದೇಲೂ ಆಡಿಲ್ಲ. ಆಡಿದ್ರೆ ಹಿಂಗಾಗ್ತಿರ್ಲಿಲ್ಲ. ಇನ್ನು ನೋವು ಕಮ್ಮಿ ಮಾಡಕ್ಕೆ ನೋಡ್ಬೋದು, ಅಷ್ಟೆ" ಅಂದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಪೆದ್ದಮ್ಮ, ಈ ಕಡೆ ಆವುಲಪ್ಪನವರು. ಬಿಸಿಲು ಅಡ್ಡಡ್ಡ ಬಂದು ತೊಡೆಯ ಮೇಲಿದ್ದ ಎಡಗೈ ಮೇಲೆ ಬಿತ್ತು. ಬಿಸಿಯಾದ ಗಾಜಿನ ಒಳಮೈಯಲ್ಲಿ ಸಣ್ಣ ಸಣ್ಣ ಹನಿ. ಆವುಲಪ್ಪನವರು ಬಲಗೈಯಿಂದ ಎಡಗೈಯನ್ನು ಎತ್ತಿ ಮೂಗಿನ ಹತ್ತಿರ ತಂದರು. ಚೈನಿನ ಸಂದಿಯಲ್ಲಿ ಬೆಂದ ರೇಷ್ಮೆ ಹುಳದ ವಾಸನೆ. ಶಿಡ್ಲಘಟ್ಟದವರಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಇದ್ರೊಳಗೆ ಆವಿ ನುಗ್ಗೈತೆ."

ಪೆದ್ದಮ್ಮ ಕಿಟಕಿಯ ಆಚೆ ನೋಡಿದರು. "ಮಂಜಿರ್‌ಬೇಕು. ಚಳಿಗಾಲ."

"ಮಂಜಿಗೆ ಹುಳದ್ ವಾಸ್ನೆ ಬರ್ತದಾ?"

ಪೆದ್ದಮ್ಮ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಪೆದ್ದೀ. ಯಾವತ್ತಿಂದ?"

"ನಿಂತೋಯ್ತಲ್ಲ, ನೀನು ಉಣ್ಣದೆ ಮಲಗ್ದೆ. ಮಾರ್ನೆ ಬೆಳಗ್ಗೆಯಿಂದ." ಅವರು ತಿರುಗದೇ ಹೇಳಿದರು. "ಬಟ್ಟೆ ಚೂರಲ್ಲಿ ರಟ್ಟೆ ಮೇಲುಕ್ಕೆ ಕಟ್ಕೊಂಡೋಗ್ತಿದ್ದೆ, ನೀರ್ ತಗಲ್ಬಾರ್ದು ಅಂತ. ನೂಲ್ ಬಿಚ್ಚಕ್ಕೆ ಕೈ ಆಡ್ತಾನೇ ಇರ್ತದಲ್ಲ. ತಿಂಡಿಗೆ ಬಂದು ನಿನ್ ಕೈಗೆ ಕಟ್ತಿದ್ದೆ."

"ದಿನಾ ನನ್ ಕೈಯಿಂದ ಬಿಚ್ಚಿ, ದಿನಾ ಕಟ್ಟಿದೀಯ. ನಂಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗ್ಲಿ ಅಂತ್ಲೇ ಒಂದೊಂದ್ ದಿನ ಜೋರಾಗ್ ಎಳೀತಿದ್ದೆ. ಚೈನಿಗೆ ಚರ್ಮ ಸಿಕ್ಕಿ ರಕ್ತ ಬಂದ್ರೂ ನೀನ್ ಏಳ್ಲಿಲ್ಲ."

ಆವುಲಪ್ಪನವರು ಚೈನು ಸರಿಸಿ ನೋಡಿದರು. ಮಣಿಕಟ್ಟಿನ ಒಳಗಡೆ ಸಣ್ಣ ಗಾಯದ ಕಲೆಗಳು. ಒಣಗಿದ್ದು ಕೆಲವು, ಹೊಸದು ಒಂದು.

"ಹೇಳ್ಬಾರ್ದಿತ್ತಾ? ಕೈ ಆಡಿಸೋದ್ ಬಿಟ್ಟಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ದಿನಾ ನಾಳೆ ಹೇಳಣ ಅಂತಿದ್ದೆ. ನೀನು ಕಿವಿಗೆ ಹಿಡ್ಕೊಂಡು ನಗ್ತಿದ್ದೆ."

ಶಿಡ್ಲಘಟ್ಟ ಇಳಿಯುವವರು ಮುಂದೆ ಬನ್ನಿ ಅಂತ ಕಂಡಕ್ಟರು ಕೂಗಿದ. ಪೆದ್ದಮ್ಮ ಎದ್ದು ರೂಢಿಯಂತೆ ಆ ಕೈ ಹಿಡಿದು ಎಬ್ಬಿಸಿದರು. ಆವುಲಪ್ಪನವರು ಬಿಡಿಸಿಕೊಳ್ಳೋಣ ಅಂದುಕೊಂಡರು. ಬಿಡಿಸಿಕೊಳ್ಳುವ ಕೈ ಅದಲ್ಲವಲ್ಲ.

ಆಮೇಲೆ ಮನೆಯಲ್ಲಿ ಬೇಕು, ಬೇಡ ಅನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಭಾನುವಾರ ಆವುಲಪ್ಪನವರೇ ಅಂಗಡಿ ಸಾಮಾನಿನ ಡಬ್ಬ ತರಿಸಿದರು. ವಾಚಿನೊಳಗೆ ನೀರು ಬಿಟ್ಟರೆ ತುಕ್ಕು ತಿನ್ನುತ್ತೆ, ಅದು ಅವರಿಗೆ ತಡೆಯಲಾಗದ ವಿಷಯ. ಒಂದು ಕೈಯಲ್ಲಿ ಹಿಂದಿನ ಮುಚ್ಚಳ ಬಿಚ್ಚಲು ಬರಲಿಲ್ಲ. ವಾಚು ಮೇಜಿನ ಮೇಲೆ ಗಿರಗಿರ ತಿರುಗಿತು.

"ಹಿಡ್ಕೊ" ಅಂದರು.

ಪೆದ್ದಮ್ಮ ಹಿಡಿದರು. ಮುಚ್ಚಳ ಬಂತು. ಇಷ್ಟು ವರ್ಷದಲ್ಲಿ ಅವರು ಇದರ ಒಳಗು ನೋಡಿದ್ದು ಅದೇ ಮೊದಲು.

"ಇದೇನಾ ನೀನು ಹೇಳೋ ಅರ್ಧಚಂದ್ರ?"

"ಇದೇ."

ಅದರ ಅಂಚಿಗೆ ಕಂದು ಬಣ್ಣ ಹತ್ತಿತ್ತು. ನಡುವಿನ ಬೇರಿಂಗು ಕಚ್ಚಿಕೊಂಡಿತ್ತು. ಆವುಲಪ್ಪನವರು ಚಿಮಟದ ತುದಿಯಿಂದ ಮುಟ್ಟಿದರು, ಅಲುಗಲಿಲ್ಲ. ಕೆಳಗಿನ ಚಕ್ರಗಳಿಗೂ ತುಕ್ಕು. "ಇಲ್ಲ, ಹೋಗೈತೆ" ಅಂದರು. ಪೆದ್ದಮ್ಮ ವಾಚು ಹಿಡಿದುಕೊಂಡೇ ಅತ್ತರು. ಅಲುಗಾಡಬಾರದು ಅಂತ ಗೊತ್ತಿದ್ದದ್ದಕ್ಕೆ ಕಣ್ಣು ಒರೆಸಿಕೊಳ್ಳಲಿಲ್ಲ. ಅವರ ಬೆರಳ ತುದಿಗಳ ಚರ್ಮ ಸುಲಿದು ಬಂದದ್ದು ಆವುಲಪ್ಪನವರಿಗೆ ಐಗ್ಲಾಸಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತು.

ಯುಗಾದಿ ಹೊತ್ತಿಗೆ ಅಂಗಡಿ ಜಗನ್‌ದಾಯಿತು. ಈಗ ಅಲ್ಲಿ ಮುಂದೆಲ್ಲ ಬಣ್ಣ ಬಣ್ಣದ ಮೊಬೈಲ್ ಕವರು. ಒಳಗೆ, ಮೆಟ್ಟಿಲು ತಲೆಗೆ ತಾಗುವ ಮೂಲೆಯಲ್ಲಿ, ಆವುಲಪ್ಪನವರ ಮೇಜನ್ನು ಅವನು ಹಾಗೇ ಬಿಟ್ಟಿದ್ದಾನೆ. ಚೈನು ಹಾಕುವುದು, ತಾರೀಖು ಸರಿಮಾಡುವುದು ಒಂದು ಕೈಗೆ ಆಗುತ್ತೆ. ಬಿಚ್ಚುವ ಕೆಲಸ ಬಂದರೆ ಸಂಜೆಗೆ ಬನ್ನಿ ಅನ್ನುತ್ತಾರೆ, ಪೆದ್ದಮ್ಮ ಫಿಲೇಚರಿನಿಂದ ಬಂದು ಹಿಡಿದುಕೊಳ್ಳುತ್ತಾರೆ. ಅವರ ಬೆವರು ತಾಗಿ ಭಾಗಗಳು ಕಪ್ಪಾಗುತ್ತವೆ ಅಂತ ಇವರ ಗೊಣಗಾಟ. ಇವರು ಸರಿಯಾಗಿ ಹೇಳಿಕೊಡುವುದಿಲ್ಲ ಅಂತ ಅವರದ್ದು. ಸ್ಪ್ರಿಂಗಿನ ನಾಜೂಕು ಕೆಲಸ ಇಬ್ಬರಿಂದಲೂ ಆಗುವುದಿಲ್ಲ. ಒಂದು ತೋಳು ತೊಡೆಯ ಮೇಲೆ ಬಿದ್ದಿರುವುದು ಕಂಡ ಗಿರಾಕಿಗಳು ಎಷ್ಟೋ ಜನ ವಾಚು ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಕೈ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಅದಕ್ಕೇ ಹೇಳುತ್ತಿರುವುದು, ಶಿಡ್ಲಘಟ್ಟದ ಕಡೆ ಹೋದರೆ ಒಂದು ಸಲ ಹೋಗಿ ಬನ್ನಿ. ಬಸ್ ಸ್ಟಾಂಡಿನ ಹಿಂದೆ ಮೊಬೈಲ್ ಕವರಿನ ಅಂಗಡಿ ಅಂತ ಕೇಳಿ, ಕವರುಗಳನ್ನು ದಾಟಿ ತಲೆ ಬಗ್ಗಿಸಿಕೊಂಡು ಒಳಗೆ ಹೋಗಿ. ಸಂಜೆ ಹೋದರೆ ಒಳ್ಳೆಯದು, ಇಬ್ಬರೂ ಸಿಗುತ್ತಾರೆ. ಮನೆಯಲ್ಲಿ ತಾತನದ್ದೋ ಮಾವನದ್ದೋ ನಿಂತ ವಾಚು ಇದ್ದರೆ ತಗೊಂಡು ಹೋಗಿ. ಸರಿಯಾಗದಿದ್ದರೂ ಚಿಂತೆಯಿಲ್ಲ, ಬಿಚ್ಚಿಸಿ ನೋಡಿ. ಅವರ ಬಲಗಡೆಯ ಸ್ಟೂಲಿನಲ್ಲಿ ಕೂತ್ಕೊಳ್ಳಿ, ಎಡಗಡೆ ಪೆದ್ದಮ್ಮನ ಜಾಗ.